ಬಸವಳಿದ ಮೇಲೆ ಬಂದ ಒಗ್ಗಟ್ಟು

ಅಮೆರಿಕದ ಓಪನ್ ವೀಲ್ ಕಾರ್ ರೇಸಿಂಗ್ 1996ರಲ್ಲಿ ಎರಡು ಹೋಳಾಗಿ 2008ರಲ್ಲಿ ಮತ್ತೆ ಒಂದಾಯಿತು. ಒಂದಾದ ಮೇಲೂ ಗಾಯ ಮಾಯಲು ವರ್ಷಗಳೇ ಹಿಡಿದವು. ಈ ವಿಲೀನ ಇಷ್ಟು ಕಷ್ಟವಾದದ್ದೇಕೆ?

2008ರ ಏಪ್ರಿಲ್ ತಿಂಗಳ ಮೂರನೇ ವಾರಾಂತ್ಯ. ಜಪಾನಿನ ಮೊಟೆಗಿಯ ಅಂಡಾಕಾರದ ಓವಲ್ ಟ್ರ್ಯಾಕ್‌ನಲ್ಲಿ ಡ್ಯಾನಿಕಾ ಪ್ಯಾಟ್ರಿಕ್ ಎಲ್ಲರನ್ನೂ ಹಿಂದಿಕ್ಕಿ, ಇಂಡಿಕಾರ್ ರೇಸ್ ಗೆದ್ದ ಮೊದಲ ಮಹಿಳೆ ಎನಿಸಿಕೊಂಡರು. ಅದೇ ವಾರಾಂತ್ಯ ಪೆಸಿಫಿಕ್ ಸಾಗರದ ಆಚೆ ದಡದಲ್ಲಿ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರದ ಬೀದಿಗಳಲ್ಲಿ, ಆಸ್ಟ್ರೇಲಿಯಾದ ವಿಲ್ ಪವರ್ ಇನ್ನೊಂದು ರೇಸ್ ಗೆದ್ದರು. ಎರಡೂ ಒಂದೇ ಚಾಂಪಿಯನ್‌ಷಿಪ್‌ನ ರೇಸ್‌ಗಳು. ಎರಡರ ಅಂಕಗಳೂ ಒಂದೇ ಪಟ್ಟಿಗೆ ಸೇರಿದವು. ಆದರೆ ಅಲ್ಲಿ ಓಡಿದ ಚಾಲಕರು ಇಲ್ಲಿ ಓಡಲಿಲ್ಲ, ಇಲ್ಲಿಯ ತಂಡಗಳು ಅಲ್ಲಿರಲಿಲ್ಲ. ಮೊಟೆಗಿಯ ಕಾರುಗಳು ಡಲ್ಲಾರಾ ಕಂಪನಿಯವು. ಅವುಗಳಲ್ಲಿದ್ದುದು ಎಥನಾಲ್ ಕುಡಿಯುವ ಹೋಂಡಾ ಎಂಜಿನ್. ಲಾಂಗ್ ಬೀಚ್‌ನವು ಪ್ಯಾನೋಜ್ ಕಾರುಗಳು. ಅವುಗಳಲ್ಲಿದ್ದುದು ಮೆಥನಾಲ್ ಕುಡಿಯುವ ಕಾಸ್ವರ್ತ್ ಟರ್ಬೊ ಎಂಜಿನ್.

ಒಂದೇ ಸರಣಿ ಎರಡು ಖಂಡಗಳಲ್ಲಿ, ಎರಡು ಬಗೆಯ ಕಾರುಗಳಲ್ಲಿ ಏಕಕಾಲಕ್ಕೆ ಓಡಿದ್ದು ಯಾರ ಯೋಜನೆಯೂ ಅಲ್ಲ. ಹನ್ನೆರಡು ವರ್ಷ ಪರಸ್ಪರ ಸೆಣಸಿದ ಇಂಡಿ ರೇಸಿಂಗ್ ಲೀಗ್ ಮತ್ತು ಚಾಂಪ್ ಕಾರ್ ಎಂಬ ಎರಡು ಸರಣಿಗಳು ಒಂದಾಗಿ ಆಗಿನ್ನೂ ಎರಡು ತಿಂಗಳಾಗಿತ್ತು. ಮೊಟೆಗಿಯ ಟ್ರ್ಯಾಕ್ ಹೋಂಡಾದ್ದು, ಲೀಗಿನ ಎಲ್ಲ ಕಾರುಗಳಿಗೂ ಎಂಜಿನ್ ಕೊಡುತ್ತಿದ್ದುದು ಅದೇ ಹೋಂಡಾ. ಅತ್ತ ಲಾಂಗ್ ಬೀಚ್‌ನಲ್ಲಿ ಬೀದಿಗಳನ್ನು ಕಾಯ್ದಿರಿಸಿ ಟಿಕೆಟ್ ಮಾರಿಯಾಗಿತ್ತು. ಇಬ್ಬರೂ ದಿನಾಂಕ ಬದಲಿಸುವ ಸ್ಥಿತಿಯಲ್ಲಿರಲಿಲ್ಲ. ಹೀಗಾಗಿ ಒಂದಾದವರು ಮತ್ತೆ ಎರಡಾಗಿ ಓಡಿದರು.

ಟ್ರ್ಯಾಕ್ ಒಬ್ಬರದು, ಕಾರು ಇನ್ನೊಬ್ಬರದು

ಓಪನ್ ವೀಲ್ ಎಂದರೆ ಚಕ್ರಗಳು ದೇಹದ ಹೊರಗೆ ಬಯಲಿಗೆ ಕಾಣುವ, ಒಬ್ಬನೇ ಕೂರುವ ರೇಸ್ ಕಾರು. ಫಾರ್ಮುಲಾ ಒನ್ ಕಾರುಗಳು ಈ ಜಾತಿಯವೇ. ಅಮೆರಿಕದಲ್ಲಿ ಈ ಕುಲದ ಮೂಲಮನೆ ಇಂಡಿಯಾನಾಪೊಲಿಸ್ ಮೋಟರ್ ಸ್ಪೀಡ್‌ವೇ. 1909ರಲ್ಲಿ ಕಟ್ಟಿದ ಎರಡೂವರೆ ಮೈಲಿ ಸುತ್ತಳತೆಯ ಓವಲ್ ಅದು. ಅಲ್ಲಿ 1911ರಿಂದ ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆದುಬಂದಿರುವ ಇಂಡಿ 500 ರೇಸ್‌ನಲ್ಲಿ 33 ಕಾರುಗಳು 200 ಸುತ್ತು ಹೊಡೆದು 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್ ಓಡುತ್ತವೆ. ಮಹಾಯುದ್ಧಗಳ ಕಾಲದಲ್ಲಿ ಮಾತ್ರ ಅದು ನಿಂತಿತ್ತು. ಎರಡನೇ ಯುದ್ಧ ಮುಗಿಯುವ ಹೊತ್ತಿಗೆ ಹಾಳುಬಿದ್ದಿದ್ದ ಈ ಟ್ರ್ಯಾಕನ್ನು 1945ರಲ್ಲಿ ಕೊಂಡವರು ಟೆರ್ ಹೋಟ್ ಪಟ್ಟಣದ ವ್ಯಾಪಾರಿ ಟೋನಿ ಹಲ್ಮನ್. ಬೇಕಿಂಗ್ ಪೌಡರ್ ಮಾರಿ ಸಿರಿವಂತವಾದ ಕುಟುಂಬ ಅವರದು.

ಜಗಳದ ಬೀಜ ಇಲ್ಲೇ ಇದೆ. ಲಕ್ಷಗಟ್ಟಲೆ ಜನ ಸೇರುವ, ಹೆಸರೂ ಹಣವೂ ತರುವ ರೇಸ್ ಇದ್ದುದು ಒಂದೇ. ಅದು ನಡೆಯುವ ನೆಲ ಒಂದು ಕುಟುಂಬದ್ದು. ಕಾರು ಕೊಂಡು, ಮೆಕ್ಯಾನಿಕ್‌ಗಳನ್ನು ಸಾಕಿ, ವರ್ಷವಿಡೀ ಊರೂರು ಸುತ್ತುವ ತಂಡದ ಮಾಲೀಕರು ಬೇರೆ. ನೆಲವಿಲ್ಲದೆ ಕಾರಿಗೆ ಬೆಲೆಯಿಲ್ಲ, ಕಾರಿಲ್ಲದೆ ನೆಲಕ್ಕೆ ಬೆಲೆಯಿಲ್ಲ. ಹಾಗಾದರೆ ನಿಯಮ ಬರೆಯಬೇಕಾದವರು ಯಾರು?

1978ರಲ್ಲಿ ಚಾಲಕ ಹಾಗೂ ತಂಡದ ಮಾಲೀಕ ಡ್ಯಾನ್ ಗರ್ನಿ ಈ ಪ್ರಶ್ನೆಯನ್ನು ಪತ್ರವೊಂದರಲ್ಲಿ ಬರೆದು ಉಳಿದ ಮಾಲೀಕರಿಗೆ ಕಳಿಸಿದರು. ಅಂದಿನ ನಿಯಂತ್ರಣ ಸಂಸ್ಥೆ ಯುಎಸ್‌ಎಸಿ ರೇಸಿಂಗನ್ನು ಬೆಳೆಸುತ್ತಿಲ್ಲ, ಮಾಲೀಕರೇ ಒಂದಾಗಬೇಕು ಎನ್ನುವುದು ಅದರ ತಿರುಳು. ಆ ಪತ್ರದಿಂದ ಹುಟ್ಟಿದ ಸಂಘವೇ ಕಾರ್ಟ್. ರೋಜರ್ ಪೆನ್‌ಸ್ಕಿ, ಪ್ಯಾಟ್ ಪ್ಯಾಟ್ರಿಕ್ ಅದರ ಮುಂದಾಳುಗಳು. 1979ರಲ್ಲಿ ಕಾರ್ಟ್ ತಂಡಗಳಿಗೆ ಇಂಡಿ 500ರ ಬಾಗಿಲು ಮುಚ್ಚಲು ಯುಎಸ್‌ಎಸಿ ಹೊರಟಾಗ ಮಾಲೀಕರು ನ್ಯಾಯಾಲಯದ ಆದೇಶ ತಂದು ಒಳಗೆ ಬಂದರು. ಆ ವರ್ಷ ಗೆದ್ದದ್ದೂ ಪೆನ್‌ಸ್ಕಿ ತಂಡದ ರಿಕ್ ಮಿಯರ್ಸ್. ಕೊನೆಗೆ ಒಂದು ರಾಜಿಯಾಯಿತು: ಇಂಡಿ 500 ಯುಎಸ್‌ಎಸಿ ಕೈಯಲ್ಲಿ, ಉಳಿದ ರೇಸ್‌ಗಳು ಕಾರ್ಟ್ ಕೈಯಲ್ಲಿ, ಅಂಕಗಳ ಪಟ್ಟಿ ಮಾತ್ರ ಒಂದೇ.

ಈ ರಾಜಿ ಒಳ್ಳೆಯ ಫಲವನ್ನೇ ಕೊಟ್ಟಿತು. ಲಾಂಗ್ ಬೀಚ್, ಟೊರೊಂಟೊ, ಆಸ್ಟ್ರೇಲಿಯಾದ ಸರ್ಫರ್ಸ್ ಪ್ಯಾರಡೈಸ್‌ನ ಬೀದಿಗಳು, ಕ್ಲೀವ್‌ಲ್ಯಾಂಡಿನ ವಿಮಾನ ನಿಲ್ದಾಣದ ರನ್‌ವೇ, ರೋಡ್ ಅಮೆರಿಕದ ಕಾಡಿನ ನಡುವಿನ ತಿರುವುಗಳು, ಮಿಷಿಗನ್ನಿನ ಎರಡು ಮೈಲಿ ಓವಲ್ ಎಲ್ಲವೂ ಒಂದೇ ಸರಣಿಯಲ್ಲಿದ್ದವು. 1993ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ನೈಜೆಲ್ ಮ್ಯಾನ್ಸೆಲ್ ಅದನ್ನು ಬಿಟ್ಟು ಅಮೆರಿಕಕ್ಕೆ ಬಂದು, ನಟ ಪಾಲ್ ನ್ಯೂಮನ್ ಪಾಲುದಾರರಾಗಿದ್ದ ನ್ಯೂಮನ್–ಹಾಸ್ ತಂಡಕ್ಕೆ ಓಡಿ, ಮೊದಲ ವರ್ಷವೇ ಚಾಂಪಿಯನ್ ಆದರು. ಜಗತ್ತಿನ ಯಾವುದೇ ಚಾಲಕನ ಕಸುಬನ್ನು ಇಷ್ಟು ಬಗೆಯ ಟ್ರ್ಯಾಕುಗಳಲ್ಲಿ ಒರೆಗೆ ಹಚ್ಚುವ ಇನ್ನೊಂದು ಸರಣಿ ಆಗ ಇರಲಿಲ್ಲ ಎಂದೇ ನನ್ನ ನಂಬಿಕೆ.

ಇಬ್ಬರಲ್ಲೂ ಅರ್ಧ ಸತ್ಯ

ಆದರೂ ಒಳಗೆ ಹುಳುಕಿತ್ತು. ಕಾರ್ಟ್‌ನಲ್ಲಿ ನಿಯಮ ಬರೆಯುತ್ತಿದ್ದವರು ತಂಡದ ಮಾಲೀಕರೇ. ತಮ್ಮ ಖರ್ಚಿಗೆ ತಾವೇ ಕಡಿವಾಣ ಹಾಕಿಕೊಳ್ಳುವುದು ಅವರಿಂದ ಆಗಲಿಲ್ಲ. 1990ರಲ್ಲಿ ಸ್ಪೀಡ್‌ವೇಯ ಚುಕ್ಕಾಣಿ ಹಿಡಿದ ಟೋನಿ ಹಲ್ಮನ್ನರ ಮೊಮ್ಮಗ ಟೋನಿ ಜಾರ್ಜ್‌ಗೆ ಕಾರ್ಟ್ ಮಂಡಳಿಯಲ್ಲಿ ಸಿಕ್ಕಿದ್ದು ಮತವಿಲ್ಲದ ಸ್ಥಾನ. ದೇಶದ ಅತಿ ದೊಡ್ಡ ರೇಸ್‌ನ ಒಡೆಯನಿಗೆ ಆ ಆಟದ ನಿಯಮಗಳ ಮೇಲೆ ಹಿಡಿತವಿರಲಿಲ್ಲ.

ಜಾರ್ಜ್ ಅವರ ದೂರುಗಳು ಸುಳ್ಳಾಗಿರಲಿಲ್ಲ. ರೇಸಿಂಗ್ ದುಬಾರಿಯಾಗುತ್ತಿತ್ತು. ಮಣ್ಣಿನ ಸಣ್ಣ ಓವಲ್‌ಗಳಲ್ಲಿ ಸ್ಪ್ರಿಂಟ್ ಕಾರು ಓಡಿಸಿ ಬೆಳೆದ ಅಮೆರಿಕದ ಹುಡುಗರಿಗೆ ಇಂಡಿಯ ದಾರಿ ಮುಚ್ಚುತ್ತಿತ್ತು; ಪ್ರಾಯೋಜಕರ ಹಣ ಹೊತ್ತು ತರುವ ಹೊರದೇಶದ ರೋಡ್ ರೇಸ್ ಚಾಲಕರಿಗೆ ತೆರೆಯುತ್ತಿತ್ತು. ಇಂಡಿಯಾನಾದಲ್ಲಿ ಬೆಳೆದ ಜೆಫ್ ಗಾರ್ಡನ್‌ನಂಥ ಪ್ರತಿಭೆ ಮುಚ್ಚಿದ ದೇಹದ ಸ್ಟಾಕ್ ಕಾರುಗಳ ಸರಣಿಯಾದ ನಾಸ್ಕಾರ್‌ಗೆ ಹೋಯಿತು. 1994ರ ಇಂಡಿ 500ಕ್ಕೆಂದೇ ಪೆನ್‌ಸ್ಕಿ ತಂಡ ಗುಟ್ಟಾಗಿ ಒಂದು ಮರ್ಸಿಡಿಸ್ ಎಂಜಿನ್ ಕಟ್ಟಿಸಿತು. ಅಗ್ಗದ ಎಂಜಿನ್‌ಗಳಿಗೆ ಅನುಕೂಲವಾಗಲೆಂದು ಮಾಡಿದ್ದ ನಿಯಮದ ಸಂದಿಯಲ್ಲಿ ನುಸುಳಿ ಹುಟ್ಟಿದ ಆ ಎಂಜಿನ್ ಓಡಿದ್ದು ಒಂದೇ ರೇಸ್, ಗೆದ್ದದ್ದೂ ಆ ರೇಸ್. ಹಣವಿದ್ದವರ ಮುಂದೆ ನಿಯಮ ಎಷ್ಟು ತೆಳುವಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅದೇ ವರ್ಷ ಜಾರ್ಜ್ ತಮ್ಮದೇ ಸರಣಿ ಘೋಷಿಸಿದರು: ಇಂಡಿ ರೇಸಿಂಗ್ ಲೀಗ್. ಎಲ್ಲ ರೇಸ್‌ಗಳೂ ಓವಲ್‌ಗಳಲ್ಲಿ, ಖರ್ಚು ಕಡಿಮೆ, ಅಮೆರಿಕದ ಚಾಲಕರಿಗೆ ಆದ್ಯತೆ, 1996ರಿಂದ ಆರಂಭ. ಅಷ್ಟಕ್ಕೇ ನಿಂತಿದ್ದರೆ ಎರಡು ಸರಣಿಗಳೂ ಬದುಕುತ್ತಿದ್ದವೇನೋ. ಆದರೆ 1996ರ ಇಂಡಿ 500ರ 33 ಸ್ಥಾನಗಳಲ್ಲಿ 25 ಸ್ಥಾನಗಳನ್ನು ತಮ್ಮ ಲೀಗಿನ ಅಂಕಪಟ್ಟಿಯಲ್ಲಿದ್ದವರಿಗೇ ಮೀಸಲಿಟ್ಟರು. ವೇಗವೊಂದೇ ಅರ್ಹತೆಯಾಗಿದ್ದ ರೇಸ್ ಅದು. ಹಿಂದಿನ ವರ್ಷ ಪೆನ್‌ಸ್ಕಿಯ ಇಬ್ಬರು ಮಾಜಿ ವಿಜೇತರೂ ವೇಗ ಸಾಲದೆ ಹೊರಗುಳಿದಿದ್ದರು. ಅಂಥ ರೇಸ್‌ಗೆ ಈಗ ನಿಷ್ಠೆ ಅರ್ಹತೆಯಾಯಿತು. ಈ ಒಂದು ನಿಯಮವೇ ಮುರಿತಕ್ಕೆ ಕಾರಣ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಕಾರ್ಟ್ ತಂಡಗಳು ಇಂಡಿಗೆ ಬೆನ್ನು ಹಾಕಿ, ಅದೇ ದಿನ ಮಿಷಿಗನ್ನಿನಲ್ಲಿ ‘ಯುಎಸ್ 500’ ಎಂಬ ಪ್ರತಿರೇಸ್ ಸಾರಿದವು. ಕೆಡವಲು ಒಬ್ಬರು, ಕೆಡವಿದ್ದನ್ನು ದೊಡ್ಡದು ಮಾಡಲು ಇನ್ನೊಬ್ಬರು.

1996ರ ಮೇ 26ರಂದು ಇಬ್ಬರಿಗೂ ಉತ್ತರ ಸಿಕ್ಕಿತು. ದೇಶದ ಅತ್ಯುತ್ತಮ ಚಾಲಕರು ನಮ್ಮಲ್ಲಿದ್ದಾರೆ ಎಂದು ಬೀಗಿದ್ದ ಮಿಷಿಗನ್ನಿನಲ್ಲಿ ಹಸಿರು ಬಾವುಟ ಬೀಳುವ ಮೊದಲೇ ಮುಂಚೂಣಿಯ ಕಾರುಗಳು ಒಂದಕ್ಕೊಂದು ತಾಗಿ ಹಲವು ಕಾರುಗಳು ನುಜ್ಜುಗುಜ್ಜಾದವು. ಬದಲಿ ಕಾರು ಹತ್ತಿದ ಜಿಮ್ಮಿ ವಾಸರ್ ಗೆದ್ದರು. ಇಂಡಿಯಲ್ಲಿ 33 ಚಾಲಕರ ಪೈಕಿ 17 ಮಂದಿ ಹೊಸಬರು. ಮೊದಲ ಸ್ಥಾನದಿಂದ ಹೊರಡಬೇಕಿದ್ದ ಸ್ಕಾಟ್ ಬ್ರೇಟನ್ ಕೆಲವೇ ದಿನಗಳ ಹಿಂದೆ ಅಭ್ಯಾಸದಲ್ಲಿ ಪ್ರಾಣ ಕಳೆದುಕೊಂಡಿದ್ದರು. ಗೆದ್ದ ಬಡ್ಡಿ ಲೇಜಿಯರ್ ಎರಡು ತಿಂಗಳ ಹಿಂದೆ ಬೆನ್ನುಮೂಳೆ ಮುರಿದುಕೊಂಡಿದ್ದವರು. ಆ ನೋವಿನಲ್ಲೇ 500 ಮೈಲಿ ಓಡಿಸಿದರು. ಅವರ ಧೈರ್ಯಕ್ಕೆ ಸಿಗಬೇಕಿದ್ದ ಮನ್ನಣೆಯೂ ಜಗಳದ ಗದ್ದಲದಲ್ಲಿ ಮಸುಕಾಯಿತು.

ಮೂರನೆಯವನ ಸುಗ್ಗಿ

ಮುಂದಿನದು ಹೆಸರಿನ ಕಾದಾಟ. ‘ಇಂಡಿಕಾರ್’ ಎನ್ನುವ ಹೆಸರಿನ ಹಕ್ಕಿಗಾಗಿ ಸ್ಪೀಡ್‌ವೇ ಮತ್ತು ಕಾರ್ಟ್ ನ್ಯಾಯಾಲಯಕ್ಕೆ ಹೋದವು. ಕೊನೆಗಾದ ಒಪ್ಪಂದದಂತೆ ಕಾರ್ಟ್ ಆ ಹೆಸರು ಬಿಟ್ಟುಕೊಟ್ಟಿತು, ಲೀಗ್ ಕೂಡ 2002 ಮುಗಿಯುವವರೆಗೆ ಅದನ್ನು ಬಳಸುವಂತಿರಲಿಲ್ಲ. ಜನರ ಬಾಯಲ್ಲಿದ್ದ ಹೆಸರು ಆರು ವರ್ಷ ಯಾರ ಸರಣಿಗೂ ಇಲ್ಲದೆ ಹೋಯಿತು. ಕಾರುಗಳೂ ಬೇರೆಯಾದವು. 1997ರಿಂದ ಲೀಗ್ ಟರ್ಬೊ ಇಲ್ಲದ, ಅಗ್ಗದ ಎಂಜಿನ್‌ಗಳಿಗೆ ಹೊರಳಿತು. ಕಾರ್ಟ್ ತನ್ನ 2.65 ಲೀಟರ್ ಟರ್ಬೊಗಳನ್ನೇ ಉಳಿಸಿಕೊಂಡಿತು. ಇನ್ನು ಒಂದೇ ಕಾರಿನಲ್ಲಿ ಎರಡೂ ಕಡೆ ಓಡುವಂತಿರಲಿಲ್ಲ.

ಮನೆಯಲ್ಲಿ ಕೂತು ಟಿವಿ ನೋಡುವ ಸಾಮಾನ್ಯ ಪ್ರೇಕ್ಷಕನಿಗೆ ಯಾವುದು ಅಸಲಿ ಎನ್ನುವುದೇ ಗೊತ್ತಾಗಲಿಲ್ಲ. ಹೆಸರಾಂತ ಚಾಲಕರು ಒಂದು ಕಡೆ, ಹೆಸರಾಂತ ರೇಸ್ ಇನ್ನೊಂದು ಕಡೆ. ಅವನು ಎರಡನ್ನೂ ಬಿಟ್ಟು ನಾಸ್ಕಾರ್ ಕಡೆ ತಿರುಗಿದ. 1999ರಲ್ಲಿ ನಾಸ್ಕಾರ್ ಆರು ವರ್ಷಗಳ ಪ್ರಸಾರಕ್ಕೆ 240 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಮಣ್ಣಿನ ಓವಲ್‌ನಿಂದ ಬಂದು 1997ರಲ್ಲಿ ಲೀಗಿನ ಚಾಂಪಿಯನ್ ಆದ ಟೋನಿ ಸ್ಟೂವರ್ಟ್, ಯಾರಿಗಾಗಿ ಲೀಗ್ ಕಟ್ಟಲಾಯಿತೋ ಆ ಬಗೆಯ ಚಾಲಕ. ಅವರೂ ನಾಸ್ಕಾರ್ ಸೇರಿದರು.

ಕಾರ್ಟ್ 1998ರಲ್ಲಿ ನ್ಯೂಯಾರ್ಕ್ ಷೇರು ಪೇಟೆಗೆ ಕಾಲಿಟ್ಟಿತು. ಆದರೆ ಪ್ರಾಯೋಜಕರಿಗೂ ಎಂಜಿನ್ ಕಂಪನಿಗಳಿಗೂ ಬೇಕಿದ್ದುದು ಇಂಡಿ 500. 2000ದಲ್ಲಿ ಚಿಪ್ ಗನಾಸಿ ತಂಡ ಅಲ್ಲಿಗೆ ಮರಳಿತು. ಅದರ ಹುವಾನ್ ಪಾಬ್ಲೊ ಮೊಂಟೋಯಾ 200 ಸುತ್ತುಗಳಲ್ಲಿ 167 ಸುತ್ತು ಮುಂದಿದ್ದು ಗೆದ್ದರು. ಮರುವರ್ಷ ಪೆನ್‌ಸ್ಕಿ ತಂಡವೂ ಬಂತು. ಮೊದಲ ಐದೂ ಸ್ಥಾನ ಕಾರ್ಟ್ ಚಾಲಕರ ಪಾಲಾದವು. ಟ್ರ್ಯಾಕ್ ಮೇಲೆ ಕಾರ್ಟ್ ಗೆಲ್ಲುತ್ತಿತ್ತು, ಲೆಕ್ಕದ ಪುಸ್ತಕದಲ್ಲಿ ಸೋಲುತ್ತಿತ್ತು. ಕಾರ್ಟ್ ಕಟ್ಟಿದ ಪೆನ್‌ಸ್ಕಿಯೇ 2002ರಲ್ಲಿ ಲೀಗಿಗೆ ಹೋದರು. 2003ಕ್ಕೆ ಹೋಂಡಾ, ಟೊಯೊಟಾ, ಗನಾಸಿ ತಂಡ, ಆಂಡ್ರೆಟಿ ತಂಡ ಎಲ್ಲರೂ ಅತ್ತ ನಡೆದರು. ಆ ವರ್ಷದ ಕೊನೆಗೆ ಕಾರ್ಟ್ ದಿವಾಳಿಯಾಯಿತು.

2004ರ ಜನವರಿಯಲ್ಲಿ ಅದರ ಆಸ್ತಿ ಹರಾಜಿಗೆ ಬಂದಾಗ ಜಗಳ ಅಲ್ಲಿಗೇ ಮುಗಿಯಬಹುದಿತ್ತು. ಲೀಗ್ 1.35 ಕೋಟಿ ಡಾಲರ್ ಕೂಗಿತು. ಗೆರಾಲ್ಡ್ ಫೋರ್ಸೈತ್, ಕೆವಿನ್ ಕಾಲ್ಕೋವನ್, ಪಾಲ್ ಜೆಂಟಿಲೋಜಿ ಎಂಬ ಮೂವರು ಮಾಲೀಕರು ಕೂಗಿದ ಮೊತ್ತ ಅದಕ್ಕಿಂತ ಬಹಳ ಕಡಿಮೆ. ಆದರೆ ಸರಣಿಯನ್ನು ನಡೆಸುತ್ತೇವೆ, ರೇಸ್ ಏರ್ಪಡಿಸಿದವರ ಒಪ್ಪಂದಗಳನ್ನು ಉಳಿಸುತ್ತೇವೆ ಎಂದದ್ದು ಅವರು. ದಿವಾಳಿ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಕಾರ್ಟ್ ‘ಚಾಂಪ್ ಕಾರ್’ ಆಗಿ ಮತ್ತೆ ನಾಲ್ಕು ವರ್ಷ ಉಸಿರು ಹಿಡಿಯಿತು. ಆ ನಾಲ್ಕೂ ವರ್ಷ ಚಾಂಪಿಯನ್ ಆದವರು ಫ್ರಾನ್ಸಿನ ಸೆಬಾಸ್ಟಿಯನ್ ಬೋರ್ಡೆ. ಅಂಥ ಚಾಲಕನ ಹೆಸರು ಅಮೆರಿಕದಲ್ಲೇ ಬಹುಪಾಲು ಜನರಿಗೆ ಗೊತ್ತಿರಲಿಲ್ಲ.

ಸಹಿಗಿಂತ ಕಷ್ಟವಾದ ಕೆಲಸ

2008ರ ಫೆಬ್ರುವರಿ ಕೊನೆಯಲ್ಲಿ ಒಪ್ಪಂದವಾಯಿತು. ಕೆಲವೇ ದಿನಗಳಲ್ಲಿ ಚಾಂಪ್ ಕಾರ್ ದಿವಾಳಿ ಅರ್ಜಿ ಹಾಕಿತು. ಸಮಬಲರ ಕೂಡುವಿಕೆ ಅದಾಗಿರಲಿಲ್ಲ. ಒಬ್ಬರು ಬಾಗಿಲು ಮುಚ್ಚಿದರು, ಇನ್ನೊಬ್ಬರು ಒಳಗೆ ಕರೆದುಕೊಂಡರು. ಬರುವ ತಂಡಗಳಿಗೆ ಕಾರು, ಎಂಜಿನ್ ಹಾಗೂ ಹಣದ ನೆರವು ಕೊಡುವುದಾಗಿ ಜಾರ್ಜ್ ಒಪ್ಪಿದರು. ಅದು ಉದಾರವಾದ ನಡೆ. ಅದಿಲ್ಲದೆ ಹಲವು ತಂಡಗಳು ಬರುವಂತೆಯೇ ಇರಲಿಲ್ಲ.

ಆದರೆ ಹೊಸ ಋತುವಿನ ಮೊದಲ ರೇಸ್ ಮಾರ್ಚ್ 29ಕ್ಕೆ, ಮಯಾಮಿ ಬಳಿಯ ಹೋಮ್‌ಸ್ಟೆಡ್ ಓವಲ್‌ನಲ್ಲಿ. ತಂಡಗಳ ಕೈಯಲ್ಲಿದ್ದುದು ಒಂದು ತಿಂಗಳು. 2007ರ ಚಾಂಪ್ ಕಾರ್ ಪಟ್ಟಿಯಲ್ಲಿ ಒಂದೂ ಓವಲ್ ಇರಲಿಲ್ಲ. ಬೀದಿಯ ತಿರುವಿನಲ್ಲಿ ಬ್ರೇಕು, ಗೇರು ನೋಡಿಕೊಳ್ಳುವ ಎಂಜಿನಿಯರ್‌ಗೆ ಓವಲ್ ಬೇರೆಯದೇ ವಿದ್ಯೆ. ಅಲ್ಲಿ ಗಂಟೆಗೆ 330 ಕಿಲೋಮೀಟರ್ ಮೀರಿದ ವೇಗದಲ್ಲಿ ರೆಕ್ಕೆಯ ಓರೆ, ಟೈರಿನ ಒತ್ತಡ ಕೂದಲೆಳೆಯಷ್ಟು ತಪ್ಪಿದರೂ ಕಾರು ಗೋಡೆಗೆ ಹೋಗುತ್ತದೆ. ವರ್ಷಗಟ್ಟಲೆ ಅದೇ ಡಲ್ಲಾರಾ ಕಾರಿನ ಮರ್ಮ ಅರೆದು ಕುಡಿದಿದ್ದ ಪೆನ್‌ಸ್ಕಿ, ಗನಾಸಿಗಳ ಎದುರು ಅದೇ ಕಾರನ್ನು ಮೊದಲ ಸಲ ಮುಟ್ಟಿದವರು ನಿಲ್ಲಬೇಕಿತ್ತು. ಪರೀಕ್ಷಾ ಓಟದಲ್ಲೇ ಗೋಡೆಗೆ ಬಡಿದ ಗ್ರಹಾಂ ರಹಾಲ್ ಮೊದಲ ರೇಸ್ ತಪ್ಪಿಸಿಕೊಂಡರು. ಆದರೆ ಏಪ್ರಿಲ್ 6ರಂದು, ಸೇಂಟ್ ಪೀಟರ್ಸ್‌ಬರ್ಗಿನ ಬೀದಿಗಳಲ್ಲಿ, ಚಾಂಪ್ ಕಾರ್‌ನಿಂದ ಬಂದ ತಂಡಗಳಿಗೆ ಮೊದಲ ಗೆಲುವು ತಂದುಕೊಟ್ಟವರೂ ಅವರೇ. ಆಗ ಅವರಿಗೆ 19 ವರ್ಷ.

ಕೋಣಗಳೆರಡು ಕಾದಾಡಿದರೆ ಸಾಯುವುದು ಕಾಲಡಿಯ ಗಿಡ ಎನ್ನುವುದು ನಮ್ಮ ಕಡೆಯ ಹಳೆಯ ಮಾತು. ಇಲ್ಲಿ ಗಿಡಗಳು ಊರುಗಳು, ಕೆಲಸಗಾರರು, ಕಾರುಗಳು. 2007ರ ಚಾಂಪ್ ಕಾರ್ ಪಟ್ಟಿಯ 14 ರೇಸ್‌ಗಳಲ್ಲಿ ಮರುವರ್ಷ ಅಂಕಪಟ್ಟಿಗೆ ಸೇರಿದ್ದು ಲಾಂಗ್ ಬೀಚ್ ಮತ್ತು ಎಡ್ಮಂಟನ್ ಮಾತ್ರ. ಸರ್ಫರ್ಸ್ ಪ್ಯಾರಡೈಸ್ ರೇಸ್ ಅಂಕಗಳಿಲ್ಲದೆ ನಡೆಯಿತು. ಟೊರೊಂಟೊ 2009ರಲ್ಲಿ, ರೋಡ್ ಅಮೆರಿಕ 2016ರಲ್ಲಿ, ಪೋರ್ಟ್‌ಲ್ಯಾಂಡ್ 2018ರಲ್ಲಿ ಮರಳಿದವು. ಕ್ಲೀವ್‌ಲ್ಯಾಂಡ್ ಮರಳಲೇ ಇಲ್ಲ. ಫೋರ್ಸೈತ್‌ರಂಥ ಮಾಲೀಕರು ಹೊಸ ಸರಣಿಗೆ ಬರಲಿಲ್ಲ. ಅವರಲ್ಲಿದ್ದ ಮೆಕ್ಯಾನಿಕ್‌ಗಳು ಬೇರೆ ಕೆಲಸ ಹುಡುಕಬೇಕಾಯಿತು. 2007ಕ್ಕೆಂದು ಹೊಸದಾಗಿ ತಯಾರಾದ ಪ್ಯಾನೋಜ್ ಕಾರುಗಳು ಒಂದೇ ಋತು ಓಡಿ, ಲಾಂಗ್ ಬೀಚ್‌ನಲ್ಲಿ ಕೊನೆಯ ಸಲ ಕಾಣಿಸಿಕೊಂಡು ಕೆಲಸಕ್ಕೆ ಬಾರದವಾದವು. 2008ರ ಸೆಪ್ಟೆಂಬರ್‌ನಲ್ಲಿ ಆರ್ಥಿಕ ಕುಸಿತ ಬಂದು ಪ್ರಾಯೋಜಕರ ಕೈ ಬಿಗಿಯಾಯಿತು. ಅದೇ ತಿಂಗಳು ಪಾಲ್ ನ್ಯೂಮನ್ ತೀರಿಕೊಂಡರು. ಮ್ಯಾನ್ಸೆಲ್, ಬೋರ್ಡೆಯರನ್ನು ಚಾಂಪಿಯನ್ ಮಾಡಿದ ಅವರ ತಂಡ 2011ರ ಕೊನೆಗೆ ಮುಚ್ಚಿತು. ಜಾರ್ಜ್ ಕೂಡ ಉಳಿಯಲಿಲ್ಲ. ವಿಲೀನವಾದ ಮರುವರ್ಷವೇ ಅವರ ಸ್ವಂತ ಕುಟುಂಬ ಅವರನ್ನು ಸ್ಪೀಡ್‌ವೇಯ ಮುಖ್ಯಸ್ಥ ಸ್ಥಾನದಿಂದ ಇಳಿಸಿತು.

ಹಾಗೆಂದು ಕಥೆ ಪೂರ್ತಿ ಕತ್ತಲಲ್ಲ. ಚಾಂಪ್ ಕಾರ್‌ನಿಂದ ಬಂದವರಲ್ಲಿ ಡೇಲ್ ಕಾಯ್ನ್ ಎಂಬ ಸಣ್ಣ ತಂಡವೂ ಇತ್ತು. 1980ರ ದಶಕದಿಂದ ಓಡುತ್ತಿದ್ದ ಈ ತಂಡ ಒಂದು ರೇಸನ್ನೂ ಗೆದ್ದಿರಲಿಲ್ಲ. 2009ರ ಜುಲೈನಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಜಸ್ಟಿನ್ ವಿಲ್ಸನ್ ಅದಕ್ಕೆ ಮೊದಲ ಗೆಲುವು ತಂದರು. ಒಂದೇ ಸರಣಿಯಲ್ಲಿ, ಪೆನ್‌ಸ್ಕಿ ಮತ್ತು ಗನಾಸಿಗಳನ್ನು ಎದುರಿಗಿಟ್ಟುಕೊಂಡು ಬಂದ ಗೆಲುವು ಅದು. ಆಟ ಇನ್ನೂ ಒಡೆದೇ ಇದ್ದಿದ್ದರೆ ಅದಕ್ಕೆ ಈ ತೂಕ ಬರುತ್ತಿರಲಿಲ್ಲ.

ಗೆದ್ದವರು ಆಡಿದ್ದು ಸೋತವರ ಆಟ

ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಲೀಗ್ ಯಾವ ತತ್ವಗಳಿಗಾಗಿ ಮನೆ ಒಡೆಯಿತೋ ಅವುಗಳಲ್ಲಿ ಎಷ್ಟು ಉಳಿದವು? ಓವಲ್ ಮಾತ್ರ ಎಂದಿದ್ದ ಲೀಗ್ 2005ರಲ್ಲೇ ಬೀದಿ ಸರ್ಕ್ಯೂಟಿಗೆ ಇಳಿಯಿತು. 2011ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್ ಓವಲ್‌ನಲ್ಲಿ 34 ಕಾರುಗಳು ಒತ್ತೊತ್ತಾಗಿ ಓಡಿ ನಡೆದ ಸರಣಿ ಅಪಘಾತದಲ್ಲಿ ಎರಡು ಬಾರಿಯ ಇಂಡಿ ವಿಜೇತ ಡ್ಯಾನ್ ವೆಲ್ಡನ್ ಸತ್ತರು. 2012ರಲ್ಲಿ ಬಂದ ಹೊಸ ಕಾರಿಗೆ ಅವರದೇ ಹೆಸರಿಟ್ಟರು, ಅದರಲ್ಲಿ ಮತ್ತೆ ಟರ್ಬೊ ಎಂಜಿನ್ ಕೂತಿತು. ಆ ವರ್ಷದ 15 ರೇಸ್‌ಗಳಲ್ಲಿ ಓವಲ್‌ಗಳು ಐದೇ. ಚಾಲಕರು ಹಲವು ದೇಶಗಳವರು.

ಬೀದಿ, ರೋಡ್ ಕೋರ್ಸ್, ಓವಲ್ ಮೂರೂ ಸೇರಿದ ಪಟ್ಟಿ, ಟರ್ಬೊ ಎಂಜಿನ್, ಜಗತ್ತಿನ ಚಾಲಕರು, ಅವುಗಳ ನಡುವೆ ಇಂಡಿ 500: 1995ರಲ್ಲಿ ಎಲ್ಲರ ಕೈಯಲ್ಲಿದ್ದುದು ಇದೇ. ಇಷ್ಟೆಲ್ಲ ಆಗಿ ಅವರು ಬಂದು ಮುಟ್ಟಿದ್ದು ಹೊರಟ ಜಾಗವನ್ನೇ. ಬಂದಾಗ ಪ್ರೇಕ್ಷಕರು, ಟಿವಿ ಹಣ, ದೇಶದ ಗಮನ ಯಾವುದೂ ಮೊದಲಿನಷ್ಟಿರಲಿಲ್ಲ. ವಿಲೀನ ನಿಜಕ್ಕೂ ಪೂರ್ಣಗೊಂಡದ್ದು ಗೆದ್ದವರು ಸೋತವರ ಆಟವನ್ನು ತಮ್ಮದೆಂದು ಒಪ್ಪಿಕೊಂಡಾಗ. 2008ರ ಸಹಿ ಅದಕ್ಕೆ ದಾರಿ ಮಾಡಿಕೊಟ್ಟಿತು, ಅಷ್ಟೆ.

ಈಗಿನ ಇಂಡಿಕಾರ್ ಒಳ್ಳೆಯ ರೇಸಿಂಗ್ ಕೊಡುತ್ತಿದೆ. ಆದರೆ 1978ರಲ್ಲಿ ಗರ್ನಿ ಎತ್ತಿದ ಪ್ರಶ್ನೆ ಬಗೆಹರಿದಿಲ್ಲ. ಟ್ರ್ಯಾಕಿನ ಒಡೆಯರ ವಿರುದ್ಧ ಸಂಘ ಕಟ್ಟಿದ ರೋಜರ್ ಪೆನ್‌ಸ್ಕಿ 2020ರಲ್ಲಿ ಆ ಟ್ರ್ಯಾಕನ್ನೂ ಸರಣಿಯನ್ನೂ ಕೊಂಡರು. ಅವರ ತಂಡವೂ ಅದೇ ಸರಣಿಯಲ್ಲಿ ಓಡುತ್ತದೆ. 2024ರಲ್ಲಿ ಆ ತಂಡದ ಕಾರುಗಳು ಎಂಜಿನ್‌ನ ಹೆಚ್ಚುವರಿ ಶಕ್ತಿಯನ್ನು ನಿಯಮ ಮೀರಿ ಬಳಸಿದ್ದು ಬಯಲಾಗಿ ಅದರ ಚಾಲಕ ಜೋಸೆಫ್ ನ್ಯೂಗಾರ್ಡನ್‌ರ ಗೆಲುವು ರದ್ದಾಯಿತು. 2025ರ ಇಂಡಿ 500ರಲ್ಲಿ ಬದಲಿಸಬಾರದ ಭಾಗ ಬದಲಿಸಿದ್ದಕ್ಕೆ ಎರಡು ಪೆನ್‌ಸ್ಕಿ ಕಾರುಗಳು ಸಾಲಿನ ಕೊನೆಗೆ ಹೋದವು. ಪೆನ್‌ಸ್ಕಿ ತಮ್ಮ ಮೂವರು ಹಿರಿಯ ಅಧಿಕಾರಿಗಳನ್ನು ಹೊರಹಾಕಿದರು. ತಪ್ಪಿಗೆ ಶಿಕ್ಷೆಯಾಯಿತು, ನಿಜ. ಆದರೆ ನೆಲ, ನಿಯಮ, ತಂಡ ಮೂರೂ ಒಬ್ಬರ ಕೈಯಲ್ಲಿದ್ದಾಗ ಶಿಕ್ಷೆಯೂ ಅವರ ಒಳ್ಳೆಯತನವನ್ನೇ ನೆಚ್ಚಿಕೊಂಡಿರುತ್ತದೆ.

ಮಾಲೀಕರ ಕೈಯಲ್ಲಿ ನಿಯಮವಿದ್ದಾಗ ಖರ್ಚು ಹಿಡಿತ ತಪ್ಪಿತು. ನೆಲದೊಡೆಯನ ಕೈಗೆ ಬಂದಾಗ ಬಾಗಿಲು ಮುಚ್ಚಿತು. ಎರಡೂ ಸಲ ಮೇಜಿನ ಸುತ್ತ ಇಲ್ಲದಿದ್ದವರು ಚಾಲಕರು, ಕೆಲಸಗಾರರು, ರೇಸಿಗೆ ಬೀದಿ ಬಿಟ್ಟುಕೊಟ್ಟ ಊರುಗಳು ಮತ್ತು ಟಿಕೆಟ್ ಕೊಂಡ ಜನ. ಪಣದಲ್ಲಿ ಪಾಲಿಲ್ಲದ, ಯಾವ ತಂಡಕ್ಕೂ ಟ್ರ್ಯಾಕಿಗೂ ಸೇರದ ಸ್ವತಂತ್ರ ಮಂಡಳಿಯೊಂದು ನಿಯಮ ಬರೆಯಬೇಕು, ಆ ಮಂಡಳಿಯಲ್ಲಿ ಈ ನಾಲ್ವರಿಗೂ ದನಿಯಿರಬೇಕು. ಆಟವನ್ನು ಪ್ರೀತಿಸುವವರು ಇದನ್ನು ಈಗಲೇ, ಎಲ್ಲವೂ ಚೆನ್ನಾಗಿರುವಾಗಲೇ ಕೇಳಬೇಕು. ಮುರಿದ ಮೇಲೆ ಕೇಳಿದರೆ ಎಷ್ಟು ತಡವಾಗುತ್ತದೆ ಎನ್ನುವುದನ್ನು ಈ ಹನ್ನೆರಡು ವರ್ಷಗಳು ತೋರಿಸಿಕೊಟ್ಟಿವೆ.